ಕಾಶಿಯಲ್ಲಿ ಎಲ್ಲಿ ಇಳಿದುಕೊಳ್ಳಬೇಕು?

ಕೇಳುಗರೇ, ನಮಸ್ಕಾರ.

ಕಾಶಿಗೆ ಹೊರಟವರು ಹೋಗಿ ಬಂದವರನ್ನು ಮೊದಲು ಕೇಳುವುದು, ರೂಮು ಎಷ್ಟಕ್ಕೆ ಸಿಗುತ್ತದೆ ಅಂತ. ಅದನ್ನು ಆಮೇಲೆ ಕೇಳಿ. ಆ ರೂಮು ಊರಿನ ಯಾವ ಭಾಗದಲ್ಲಿದೆ, ಗಾಡಿ ಎಲ್ಲಿವರೆಗೆ ಹೋಗುತ್ತದೆ, ರಾತ್ರಿ ಒಂಬತ್ತು ಗಂಟೆಗೆ ಗಂಗಾರತಿ ನೋಡಿಕೊಂಡು ಅಲ್ಲಿಗೆ ನೀವೇ ನಡೆದು ಹೋಗಬಹುದಾ, ಇದನ್ನು ಮೊದಲು ಕೇಳಿ. ನಿಮ್ಮ ಅಪ್ಪ ಅಮ್ಮನನ್ನು ಕಳಿಸುತ್ತಿದ್ದರೆ ಅವರ ಪರವಾಗಿ ನೀವು ಕೇಳಿ.

ಕಾಶಿಯಲ್ಲಿ ಯಾತ್ರಿಕರಿಗೆ ಆಗುವ ಮೋಸಗಳಲ್ಲಿ ಬಹಳಷ್ಟು ಶುರುವಾಗುವುದು ಇಳಿದುಕೊಳ್ಳುವ ಜಾಗದಿಂದ. ಬೆಂಗಳೂರಿನಿಂದ ರೈಲಿನಲ್ಲಿ ಹೋದರೆ ಎರಡು ರಾತ್ರಿ ಪ್ರಯಾಣ. ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಹೋದವರು ಕಾಶಿಯಲ್ಲಿ ಇಳಿಯುವುದೂ ಇಲ್ಲ. ಅದು ಹೋಗುವುದು ಗಂಗೆಯ ಆಚೆ ದಡದ ಮುಘಲ್‌ಸರಾಯ್ ಮೇಲೆ. 2018ರಿಂದ ಆ ನಿಲ್ದಾಣದ ಹೆಸರು ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. ಹೊಸ ಹೆಸರು ಗೊತ್ತಿಲ್ಲದೆ ಎಷ್ಟೋ ಹಿರಿಯರು ಸೀಟಿನಲ್ಲೇ ಗಾಬರಿಯಾಗುತ್ತಾರೆ. ಹಾಗೇ ಮಂಡುವಾಡೀಹ್ ನಿಲ್ದಾಣ 2021ರಿಂದ ಬನಾರಸ್ ಆಗಿದೆ. ವಾರಾಣಸಿ ಜಂಕ್ಷನ್ ಬೇರೆ, ಅದನ್ನು ಅಲ್ಲಿಯವರು ಕ್ಯಾಂಟ್ ಅನ್ನುತ್ತಾರೆ. ಕಾಶಿ ಅನ್ನುವ ಹೆಸರಿನ ನಿಲ್ದಾಣ ಇನ್ನೊಂದು. ನಿಮ್ಮ ಟಿಕೆಟ್ ಯಾವ ನಿಲ್ದಾಣಕ್ಕೆ ಅಂತ ಮನೆಯಲ್ಲೇ ನೋಡಿಕೊಳ್ಳಿ.

ನಿದ್ದೆಗೆಟ್ಟು, ಕೈಯಲ್ಲಿ ಎರಡೆರಡು ಬ್ಯಾಗು ಹಿಡಿದು ಹೊರಗೆ ಬಂದಿರುತ್ತೀರಿ. ಆಟೋದವನು ಎಲ್ಲಿಗೆ ಅನ್ನುತ್ತಾನೆ. ನೀವು ಛತ್ರದ ಹೆಸರು ಹೇಳುತ್ತೀರಿ. ಅವನು ತಲೆ ಅಲ್ಲಾಡಿಸಿ, ‘ಅರೇ ಮಾತಾಜಿ, ವೋ ತೋ ಬಂದ್ ಹೈ’ ಅನ್ನುತ್ತಾನೆ. ಅಲ್ಲಿ ರಿಪೇರಿ ನಡೀತಿದೆ, ಅಲ್ಲಿ ನೀರು ನುಗ್ಗಿದೆ, ಅಲ್ಲಿಗೆ ಗಾಡಿ ಬಿಡೋದಿಲ್ಲ. ಹೀಗೆ ಒಂದಾದ ಮೇಲೆ ಒಂದು. ಆಮೇಲೆ ತನಗೆ ಗೊತ್ತಿರುವ ಒಳ್ಳೆಯ ಜಾಗ ಒಂದಿದೆ ಅಂತ ಕರೆದೊಯ್ಯುತ್ತಾನೆ. ಅಲ್ಲಿ ಅವನಿಗೆ ಕಮಿಷನ್ ಇರುತ್ತದೆ. ಆ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಎಲ್ಲ ಆಟೋದವರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಬೆಳಗಿನ ಜಾವ ಬ್ಯಾಗು ಹೊತ್ತು ಓಣಿಯ ಕೊನೆಯವರೆಗೆ ಬಂದು ಬಿಟ್ಟು ಹೋಗುವವರೂ ಅದೇ ಊರಿನಲ್ಲಿದ್ದಾರೆ. ಆದರೆ ಯಾರು ಎಂಥವರು ಅಂತ ಆ ಹೊತ್ತಿನಲ್ಲಿ ನಿಮಗೆ ತಿಳಿಯುವುದು ಕಷ್ಟ.

ಅವನು ಹೇಳುವುದೆಲ್ಲ ಸುಳ್ಳೂ ಅಲ್ಲ. ಗೋದೌಲಿಯಾ ವೃತ್ತದಿಂದ ದಶಾಶ್ವಮೇಧ ಘಾಟ್ ಕಡೆಗೆ ಜನಸಂದಣಿ ಜಾಸ್ತಿ ಇರುವ ಹೊತ್ತಿನಲ್ಲಿ ಪೊಲೀಸರು ಗಾಡಿಗಳನ್ನು ನಿಜವಾಗಿಯೂ ತಡೆಯುತ್ತಾರೆ. ಮಳೆಗಾಲದಲ್ಲಿ ನೀರು ಬರುವುದೂ ನಿಜ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರಿದರೆ ಮೆಟ್ಟಿಲುಗಳೆಲ್ಲ ಮುಳುಗುತ್ತವೆ, ಒಂದು ಘಾಟಿನಿಂದ ಇನ್ನೊಂದಕ್ಕೆ ದಡದಲ್ಲೇ ನಡೆದು ಹೋಗಲು ಆಗುವುದಿಲ್ಲ, ದೋಣಿ ನಿಲ್ಲಿಸುತ್ತಾರೆ, ಆರತಿಯನ್ನು ಕಟ್ಟಡದ ಮೇಲಿಂದ ಮಾಡುತ್ತಾರೆ. ನಿಜದ ಜೊತೆಗೆ ಸುಳ್ಳು ಬೆರೆತಾಗಲೇ ಮೋಸ ಹೋಗುವುದು. ಅದಕ್ಕೇ ಹೊರಡುವ ಹಿಂದಿನ ದಿನ ಛತ್ರಕ್ಕೋ ಲಾಡ್ಜಿಗೋ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ. ಗಾಡಿ ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಎಷ್ಟು ದೂರ ನಡೆಯಬೇಕು? ಎಷ್ಟು ಮೆಟ್ಟಿಲು? ಇಷ್ಟು ಗೊತ್ತಿದ್ದರೆ ಆಟೋದವನ ಮಾತಿಗೆ ನೀವು ಅಲ್ಲಾಡುವುದಿಲ್ಲ. ಅವನು ಬಂದ್ ಅಂದರೆ ಅವನೆದುರಿಗೇ ಛತ್ರಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ. ಜಗಳ ಬೇಡ. ‘ನಮ್ಮವರು ಅಲ್ಲೇ ಕಾಯುತ್ತಿದ್ದಾರೆ’ ಅಂದರೂ ಸಾಕು.

ಈಗ ಜಾಗದ ವಿಷಯ. ಊರು ಗಂಗೆಯ ಪಶ್ಚಿಮ ದಡದಲ್ಲಿದೆ. ದಕ್ಷಿಣದಲ್ಲಿ ಅಸ್ಸಿ ಘಾಟ್, ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ರಾಜಘಾಟ್. ನಡುವೆ ದಶಾಶ್ವಮೇಧ, ಅದರಾಚೆ ಮಣಿಕರ್ಣಿಕಾ. ವಿಶ್ವನಾಥನ ಗುಡಿ ಈ ಎರಡರ ಹತ್ತಿರ. ಇಷ್ಟು ಚಿತ್ರ ತಲೆಯಲ್ಲಿದ್ದರೆ ಉಳಿದದ್ದು ಸುಲಭ.

ಮೊದಲ ಸಲ ಹೋಗುವ ನಮ್ಮ ಹಿರಿಯರಿಗೆ ನಾನು ಹೇಳುವುದು ಅಸ್ಸಿಗೂ ದಶಾಶ್ವಮೇಧಕ್ಕೂ ನಡುವೆ ಇರುವ ಹನುಮಾನ್ ಘಾಟ್ ಸುತ್ತಮುತ್ತ ಇಳಿದುಕೊಳ್ಳಿ ಅಂತ. ಅಲ್ಲಿಂದ ಕೇದಾರ ಘಾಟ್‌ವರೆಗಿನ ಓಣಿಗಳಲ್ಲಿ ದಕ್ಷಿಣದವರು ತಲೆಮಾರುಗಳಿಂದ ಇದ್ದಾರೆ. ಕನ್ನಡ, ತೆಲುಗು, ತಮಿಳು ಕಿವಿಗೆ ಬೀಳುತ್ತದೆ. ಬೆಳಿಗ್ಗೆ ಇಡ್ಲಿ ಸಿಗುತ್ತದೆ, ಫಿಲ್ಟರ್ ಕಾಫಿಯೂ ಸಿಗುತ್ತದೆ. ಮೈಸೂರು ಸಂಸ್ಥಾನದ ಕಾಲದ ಘಾಟ್ ಅಲ್ಲೇ ಪಕ್ಕದಲ್ಲಿದೆ, ಈಗ ಅದನ್ನು ಕರ್ನಾಟಕ ಘಾಟ್ ಅನ್ನುತ್ತಾರೆ. ನಮ್ಮ ಸರ್ಕಾರದ ಛತ್ರವೂ ಅಲ್ಲಿದೆ. ಓಣಿ ಕಿರಿದು, ಎದುರಿಗೆ ಗೂಳಿ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಆದರೆ ಆ ಓಣಿಯ ಎರಡೂ ಬದಿ ಸಂಸಾರಸ್ಥರ ಮನೆಗಳು. ಜಗಲಿಯ ಮೇಲೆ ಅಜ್ಜಿಯರು ಕೂತಿರುತ್ತಾರೆ, ಮಕ್ಕಳು ಆಡುತ್ತಿರುತ್ತವೆ, ಹಾಲಿನವನು ಕ್ಯಾನು ಹಿಡಿದು ಬರುತ್ತಾನೆ. ಹೊಸಬರು ದಾರಿ ತಪ್ಪಿದರೆ ಯಾರಾದರೂ ಒಬ್ಬರು ಕರೆದು ದಾರಿ ತೋರಿಸುತ್ತಾರೆ. ನನ್ನ ಲೆಕ್ಕದಲ್ಲಿ ಒಂದು ಜಾಗ ಸುರಕ್ಷಿತ ಅನ್ನುವುದಕ್ಕೆ ಸಿಸಿ ಕ್ಯಾಮೆರಾಕ್ಕಿಂತ ಇದು ದೊಡ್ಡದು.

ಪಕ್ಕದಲ್ಲೇ ಹರಿಶ್ಚಂದ್ರ ಘಾಟ್ ಇದೆ. ಅಲ್ಲಿ ಹಗಲೂ ರಾತ್ರಿ ಚಿತೆ ಉರಿಯುತ್ತದೆ. ಅದಕ್ಕೆ ಹೆದರಿ ಎಷ್ಟೋ ಜನ ಈ ಕಡೆ ಬೇಡ ಅನ್ನುತ್ತಾರೆ. ಮನಸ್ಸಿಗೆ ಒಗ್ಗದಿದ್ದರೆ ಬಲವಂತ ಬೇಡ. ಆದರೆ ಸುರಕ್ಷತೆಯ ದೃಷ್ಟಿಯಿಂದ ಹೆದರುವಂಥದ್ದು ಏನೂ ಇಲ್ಲ. ಇಡೀ ರಾತ್ರಿ ಜನ ಎಚ್ಚರವಾಗಿ ಓಡಾಡುವ ಜಾಗ ಅದು.

ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠ ನಮ್ಮ ವೀರಶೈವ ಯಾತ್ರಿಕರಿಗೆ ಹಳೆಯ ನೆಲೆ. ಅಲ್ಲಿಂದ ಗುಡಿಗೆ ನಡೆದೇ ಹೋಗಬಹುದು, ಒಳಗೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ದಶಾಶ್ವಮೇಧದ ಲಾಡ್ಜುಗಳು ಗುಡಿಗೆ, ಆರತಿಗೆ ಹತ್ತಿರ, ನಿಜ. ಆದರೆ ದಲ್ಲಾಳಿಗಳ ಕಾಟವೂ ಅಲ್ಲೇ ಜಾಸ್ತಿ. ಬಾಗಿಲು ದಾಟಿದ ಕೂಡಲೇ ದೋಣಿ, ಸೀರೆ, ಪೂಜೆ ಅಂತ ಬೆನ್ನು ಹತ್ತುತ್ತಾರೆ. ಕೈಕುಲುಕುವ ನೆಪದಲ್ಲಿ ಕೈ ಹಿಡಿದು ಮಸಾಜ್ ಶುರು ಮಾಡಿ ದುಡ್ಡು ಕೇಳುವವರೂ ಅಲ್ಲಿದ್ದಾರೆ. ಮಣಿಕರ್ಣಿಕಾದ ಹಿಂದಿನ ಓಣಿಗಳು ಹಗಲಿನಲ್ಲೇ ದಿಕ್ಕು ತಪ್ಪಿಸುತ್ತವೆ. ವಯಸ್ಸಾದವರಿಗೆ, ಒಬ್ಬಂಟಿ ಹೆಣ್ಣುಮಕ್ಕಳಿಗೆ ರಾತ್ರಿ ಆ ಕಡೆ ವಾಸ ಬೇಡ.

ಮಂಡಿ ನೋವಿನವರಿಗೆ, ಹೃದಯದ ತೊಂದರೆ ಇರುವವರಿಗೆ ಅಸ್ಸಿ ಒಳ್ಳೆಯದು. ಅಲ್ಲಿ ಜಾಗ ಅಗಲ, ಗಾಡಿ ಹತ್ತಿರದವರೆಗೆ ಬರುತ್ತದೆ, ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರ್‌ಲಾಲ್ ಆಸ್ಪತ್ರೆಯೂ ದೂರವಿಲ್ಲ. ಗುಡಿಗೆ ಮಾತ್ರ ಆಟೋ ಹಿಡಿಯಬೇಕು. ಕಂಟೋನ್ಮೆಂಟ್ ಕಡೆ ದೊಡ್ಡ ಹೋಟೆಲುಗಳಿವೆ, ಶಾಂತ. ಆದರೆ ಗಂಗೆ ದೂರ, ಪ್ರತಿ ಸಲ ಹೊರಟಾಗಲೂ ಬಾಡಿಗೆಯ ಚೌಕಾಶಿ.

ಇನ್ನು ಬುಕಿಂಗ್. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಈಗ ದೊಡ್ಡ ಹಣ ಹೋಗುತ್ತಿರುವುದು ಇಲ್ಲೇ. ಮಠದ್ದೋ, ಧರ್ಮಶಾಲೆಯದ್ದೋ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡುತ್ತಾರೆ. ಫೋಟೋ ಅಸಲಿ, ವಿಳಾಸ ಅಸಲಿ, ಫೋನ್ ನಂಬರ್ ಮಾತ್ರ ಅವರದ್ದು. ನೀವು ಹುಡುಕಿದಾಗ ಮೇಲೆ ಬರುವುದೂ ಅದೇ. ಫೋನ್ ಮಾಡಿದರೆ ತುಂಬಾ ವಿನಯವಾಗಿ ಮಾತಾಡುತ್ತಾರೆ. ‘ಎರಡೇ ರೂಮು ಉಳಿದಿದೆ, ಈಗಲೇ ಅಡ್ವಾನ್ಸ್ ಹಾಕಿ’ ಅನ್ನುತ್ತಾರೆ. ವಾಟ್ಸಾಪಿನಲ್ಲಿ ಕ್ಯೂಆರ್ ಕೋಡ್ ಬರುತ್ತದೆ, ಹಣ ಹಾಕಿದರೆ ಸೀಲು ಹೊಡೆದ ರಸೀದಿಯೂ ಬರುತ್ತದೆ. ಕಾಶಿಗೆ ಹೋಗಿ ರಸೀದಿ ತೋರಿಸಿದರೆ ಮಠದವರಿಗೆ ಏನೂ ಗೊತ್ತಿರುವುದಿಲ್ಲ. ಯಾತ್ರಾಸ್ಥಳಗಳ ಬುಕಿಂಗ್ ಹೆಸರಿನ ಇಂಥ ಮೋಸದ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು.

ತಡೆಯುವ ದಾರಿ ಇದೆ. ನಂಬರನ್ನು ಹುಡುಕಿ ತೆಗೆಯಬೇಡಿ, ಕೇಳಿ ತೆಗೆದುಕೊಳ್ಳಿ. ಸರ್ಕಾರದ ಛತ್ರವಾದರೆ ಮುಜರಾಯಿ ಇಲಾಖೆಯಿಂದ, ಮಠವಾದರೆ ನಿಮ್ಮೂರಿನ ಶಾಖಾಮಠದಿಂದ ಅಥವಾ ಈಚೆಗೆ ಹೋಗಿ ಬಂದ ಪರಿಚಯದವರಿಂದ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಹಣ ಯಾರಿಗೆ ಹೋಗುತ್ತಿದೆ ಅನ್ನುವ ಹೆಸರು ಪರದೆಯ ಮೇಲೆ ಕಾಣಿಸುತ್ತದೆ. ಮಠ ಅಥವಾ ಟ್ರಸ್ಟಿನ ಹೆಸರು ಬರಬೇಕಾದ ಕಡೆ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂತಾ? ಅಲ್ಲಿಗೇ ನಿಲ್ಲಿಸಿ. ರೂಮು ಸಿಗಲಿಲ್ಲ, ರಿಫಂಡ್ ಮಾಡುತ್ತೇವೆ, ಪಿನ್ ಹಾಕಿ ಅಂದರೂ ಹಾಕಬೇಡಿ. ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ.

ಕರ್ನಾಟಕ ಸರ್ಕಾರದ ಕಾಶಿ ದರ್ಶನ ರೈಲು 2022ರ ನವೆಂಬರ್‌ನಲ್ಲಿ ಶುರುವಾಯಿತು. ಅದರಲ್ಲಿ ಹೋಗುವವರಿಗೆ ಊಟ, ವಾಸ ಎಲ್ಲ ಸೇರಿರುತ್ತದೆ. ಅದರ ಹೆಸರು ಹೇಳಿಕೊಂಡು ಯಾರಾದರೂ ಮನೆ ಹತ್ತಿರ ಬಂದು ಸೀಟು ಕೊಡಿಸುತ್ತೇನೆ ಅಂದರೆ ದುಡ್ಡು ಕೊಡಬೇಡಿ.

ಇಳಿದುಕೊಳ್ಳುವ ಜಾಗ ಸರಿಯಾದರೆ ಅರ್ಧ ಕಷ್ಟ ಕಳೆದ ಹಾಗೆ. ಅಲ್ಲಿಯ ಮ್ಯಾನೇಜರ್ ಆಗಲಿ, ಅಡುಗೆಯವರಾಗಲಿ, ನಿಮಗೆ ಊರಿನ ಒಬ್ಬ ಪರಿಚಯದವರು ಸಿಕ್ಕಂತಾಯಿತು. ದೋಣಿಗೆ ಎಷ್ಟು, ಪುರೋಹಿತರು ಯಾರು, ಸೀರೆ ಎಲ್ಲಿ ಅಂತ ಅವರನ್ನು ಕೇಳಬಹುದು. ಅವರ ಮಾತನ್ನು ಪಕ್ಕದ ಮನೆಯವರ ಮಾತಿನ ಜೊತೆ ಹೋಲಿಸಿ ನೋಡಬಹುದು. ದೋಣಿಯಾದರೆ ದರ ತಲೆಗೋ, ಇಡೀ ದೋಣಿಗೋ ಅಂತ ಹತ್ತುವ ಮೊದಲೇ ಬಾಯಿಬಿಟ್ಟು ಕೇಳಿ. ಸೀರೆಯಾದರೆ ರೇಷ್ಮೆಯ ಮೇಲೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ, ಅದನ್ನು ರೂಮಿನಲ್ಲೇ ಬಿಟ್ಟು ಹೋಗಿ. ಇಲ್ಲದಿದ್ದರೆ ಗೇಟಿನ ಹತ್ತಿರ ಲಾಕರ್ ಫ್ರೀ ಅನ್ನುವ ಅಂಗಡಿಯವರು ಹೂವು, ಪ್ರಸಾದದ ಬುಟ್ಟಿ ಕೈಗೆ ಹಿಡಿಸಿ ಬಾಯಿಗೆ ಬಂದ ಬೆಲೆ ಕೇಳುತ್ತಾರೆ.

ನನಗೆ ತುಂಬಾ ನೋವಾಗುವುದು ಅಪರಕರ್ಮಕ್ಕೆ ಹೋದವರಿಗೆ ಆಗುವ ಮೋಸ. ಕೈಯಲ್ಲಿ ಅಪ್ಪನ ಅಸ್ಥಿ ಇರುತ್ತದೆ. ನೀರಿನಲ್ಲಿ ನಿಲ್ಲಿಸಿ, ದರ್ಭೆ ಕೊಟ್ಟು, ಸಂಕಲ್ಪದ ನಡುವೆ ‘ಎಷ್ಟು ಸಾವಿರ ದಾನ, ಹೇಳಿ’ ಅನ್ನುತ್ತಾರೆ. ಸುತ್ತ ನೆಂಟರಿದ್ದಾರೆ. ಒಂದು ಸಲ ಬಾಯಲ್ಲಿ ಬಂದರೆ ಆಮೇಲೆ ಕಡಿಮೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಮಣಿಕರ್ಣಿಕಾದಲ್ಲಿ ಇನ್ನೊಂದು ಥರ. ಚಿತೆ ಚೆನ್ನಾಗಿ ಕಾಣುತ್ತದೆ ಬನ್ನಿ ಅಂತ ಮೇಲಿನ ಕಟ್ಟೆಗೆ ಕರೆದು, ಬಡವರ ದಹನಕ್ಕೆ ಸೌದೆ ಕೊಡಿಸಿ ಅಂತ ಕಿಲೋ ಲೆಕ್ಕದಲ್ಲಿ ಕೇಳುತ್ತಾರೆ, ಕೊಡದೆ ಹೊರಟರೆ ಶಾಪ ಹಾಕುತ್ತಾರೆ. ಆ ಶಾಪಕ್ಕೆ ಹೆದರಬೇಡಿ, ಸುಮ್ನೆ ಅಲ್ಲಿಂದ ಬಂದುಬಿಡಿ. ಸಂಕಲ್ಪದ ವಿಷಯದಲ್ಲಿ, ನೀರಿಗಿಳಿಯುವ ಮೊದಲೇ ಸಾಮಗ್ರಿ, ದಕ್ಷಿಣೆ, ದಾನ ಎಲ್ಲ ಸೇರಿ ಒಟ್ಟು ಎಷ್ಟು ಅಂತ ಮಾತಾಡಿಕೊಳ್ಳಿ. ಮಾತಾಡುವುದಕ್ಕೆ ದುಃಖದಲ್ಲಿರುವ ಮಗ ಬೇಡ, ಭಾವನೋ ಅಳಿಯನೋ ಹೋಗಲಿ. ಕಾಶಿಯಲ್ಲಿ ಮನಸ್ಸಿಟ್ಟು ಕರ್ಮ ಮಾಡಿಸುವ ಪುರೋಹಿತರು ಇದ್ದಾರೆ. ಅಂಥವರು ಮೊದಲೇ ಲೆಕ್ಕ ಹೇಳಲು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಷ್ಟಾದರೂ ಹಣ ಹೋದರೆ, ಆನ್‌ಲೈನ್ ಮೋಸಕ್ಕೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ತಡೆಯಲು ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ. ಮೆಸೇಜು, ರಸೀದಿ ಯಾವುದನ್ನೂ ಅಳಿಸಬೇಡಿ. ದಾರಿಯಲ್ಲಿ ಬೆದರಿಸಿದರೆ 112.

ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಅಲ್ಲಿಂದ ಫೋನ್ ಮಾಡಿದಾಗ ದುಡ್ಡು ಕಳೆದುಕೊಂಡ ವಿಷಯ ಹೇಳಲು ಹಿಂಜರಿಯುತ್ತಾರೆ. ಬೈದರೆ ಇನ್ನೂ ಮುಚ್ಚಿಡುತ್ತಾರೆ, ಆ ಗಂಟೆಗಳು ಹಾಗೇ ಕಳೆದುಹೋಗುತ್ತವೆ. ಊಟ ಆಯ್ತಾ ಅಂತ ಕೇಳಿದ ಹಾಗೇ, ಇವತ್ತು ಯಾರಾದರೂ ಜಾಸ್ತಿ ದುಡ್ಡು ಕೇಳಿದ್ರಾ ಅಂತಲೂ ದಿನಾ ಕೇಳಿ.

ನಮಸ್ಕಾರ.