ಮಗು ತೇಲುವುದಿಲ್ಲ, ಕೈ ಬಿಡಬೇಡಿ

ನಮಸ್ಕಾರ. ಕಳೆದ ವಾರದ ವಿಡಿಯೊ ನೋಡಿದವರಿಗೆ ಗೊತ್ತು, ನನ್ನ ಹತ್ತು ತಿಂಗಳ ಮಗಳನ್ನು ಮೊದಲ ಸಲ ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಇನ್ನು ಚಿಂತೆ ಬಿಡಿ ಸರ್, ನೀರಿಗೆ ಬಿದ್ದರೂ ಮಗು ತೇಲುತ್ತೆ." ಅದಕ್ಕೆ ಸಿಕ್ಕಾಪಟ್ಟೆ ಲೈಕ್ ಬೇರೆ. ಎರಡು ದಿನದಿಂದ ನನಗೆ ಸಮಾಧಾನವಿಲ್ಲ.

ತೇಲುವುದಿಲ್ಲ. ಹತ್ತು ತಿಂಗಳ ಮಗು ತೇಲುವುದಿಲ್ಲ. ತೇಲಿಸಿದ್ದು ನನ್ನ ಕೈ.

ಅವತ್ತು ಏನಾಯಿತು ಹೇಳ್ತೀನಿ. ಬೆಚ್ಚಗಿನ ನೀರು, ಸುಮಾರು 32 ಡಿಗ್ರಿ. ಅದಕ್ಕಿಂತ ತಣ್ಣಗಿದ್ದರೆ ಪುಟ್ಟ ಮಕ್ಕಳು ಬೇಗ ನಡುಗುತ್ತಾರೆ. ನಾನೂ ನೀರಿಗಿಳಿದೆ. ಮೊದಲು ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡಳು, ಬಿಡಲೇ ಇಲ್ಲ. ಆಮೇಲೆ ಕಂಕುಳಿಗೆ ಕೈ ಕೊಟ್ಟು ಹಿಡಿದಾಗ ನಿಧಾನವಾಗಿ ನೀರನ್ನು ಪಟಪಟ ಬಡಿದಳು, ಕೇಕೆ ಹಾಕಿದಳು. ಅರ್ಧ ಗಂಟೆಯ ಕ್ಲಾಸು. ಇಪ್ಪತ್ತು ನಿಮಿಷಕ್ಕೆ ತುಟಿ ಅದುರಿತು, ಮೇಲೆ ಬಂದುಬಿಟ್ಟೆವು. ತುಂಬಾ ಖುಷಿ ಕೊಟ್ಟ ಇಪ್ಪತ್ತು ನಿಮಿಷ. ಆದರೆ ಅದು ಈಜು ಅಲ್ಲ, ನೀರಿನ ಪರಿಚಯ ಅಷ್ಟೇ.

"ಮಕ್ಕಳಿಗೆ ಹುಟ್ಟಿನಿಂದಲೇ ಈಜು ಬರುತ್ತೆ" ಅಂತ ಇನ್ನೊಬ್ಬರು. ಇಲ್ಲ ರೀ. ಮುಖಕ್ಕೆ ನೀರು ತಾಗಿದರೆ ಎಳೆ ಮಗು ಸ್ವಲ್ಪ ಹೊತ್ತು ಉಸಿರು ಹಿಡಿಯುತ್ತದೆ, ಕೈಕಾಲು ಆಡಿಸುತ್ತದೆ. ಆರು ತಿಂಗಳು ದಾಟುತ್ತಿದ್ದಂತೆ ಅದೂ ಕಡಿಮೆಯಾಗುತ್ತದೆ. ತಲೆ ಎತ್ತಿ ಉಸಿರು ತೆಗೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಕ್ಲಾಸಿನಿಂದ ಮುಳುಗುವ ಅಪಾಯ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲೇ ಹೇಳಿದೆ. ವರ್ಷ ತುಂಬಿದ ಮೇಲೆ ಕಲಿಸಿದರೆ ಉಪಯೋಗ ಇದೆ, ಕಲಿಸಿ. ಆಗಲೂ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಇರಬೇಕು. ಕೈ ಬಿಡಬೇಡಿ!

ಇನ್ನು "ನಮ್ಮನ್ನು ಅಜ್ಜ ಬಾವಿಗೆ ಎಸೆದೇ ಕಲಿಸಿದ್ದು" ಅನ್ನುವವರು. ನಮ್ಮಜ್ಜನೂ ಬಾವಿಯಲ್ಲೇ ಕಲಿಸಿದ್ದು. ನನಗೆ ಆಗ ಏಳು ವರ್ಷ, ಹತ್ತು ತಿಂಗಳಲ್ಲ. ಬೆನ್ನಿಗೆ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಆ ಹಗ್ಗದ ಇನ್ನೊಂದು ತುದಿ ಎಲ್ಲಿತ್ತು? ಅಜ್ಜನ ಮುಷ್ಟಿಯಲ್ಲಿ! ನಾನು ಮೆಟ್ಟಿಲು ಹತ್ತಿ ಮೇಲೆ ಬರುವವರೆಗೂ ಅಜ್ಜ ಅದನ್ನು ಬಿಡಲಿಲ್ಲ. ಎಸೆದಿದ್ದು ನೆನಪಿದೆ, ಹಗ್ಗ ಮರೆತುಬಿಟ್ಟಿದ್ದೀರಿ.

ಕೊಳ ಬಿಡಿ, ಮನೆಯೊಳಗೆ ಬನ್ನಿ. ಬಚ್ಚಲಲ್ಲಿ ಅರ್ಧ ತುಂಬಿದ ಬಕೆಟ್ ಇರುತ್ತೆ, ಅಲ್ವಾ? ಎದ್ದು ನಿಲ್ಲಲು ಕಲಿತ ಮಗು ಅದನ್ನು ಹಿಡಿದು ಬಗ್ಗುತ್ತದೆ. ತಲೆ ಭಾರ, ತಲೆಕೆಳಗಾಗುತ್ತದೆ. ಕೂಗು ಕೇಳಿಸುವುದಿಲ್ಲ, ಸದ್ದೇ ಇರುವುದಿಲ್ಲ. ಅಂಗಳದಲ್ಲಿ ಮುಚ್ಚಳ ತೆಗೆದ ಸಂಪು. ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ದೊಡ್ಡವರು ಜಾರಿದರೂ ಹತ್ತಿ ಬರುವುದು ಕಷ್ಟ. ಅಲ್ಲಿ ಕ್ಲಾಸು ಕಾಪಾಡುತ್ತಾ? ಕೈ! ಕೈ ಬೇಕು! ಫೋನ್ ಹಿಡಿದ ಕೈ ಅಲ್ಲ!

ಮುಂದಿನ ಶನಿವಾರ ಎರಡನೇ ಕ್ಲಾಸು, ಅದರ ವಿಡಿಯೊ ಹಾಕ್ತೀನಿ, ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ. ಅದಕ್ಕೂ ಮುಂಚೆ ಎದ್ದು ಹೋಗಿ ಬಕೆಟ್ ಖಾಲಿ ಮಾಡಿ ಬನ್ನಿ, ನಾನು ಕಾಯ್ತೀನಿ.

ಮತ್ತೆ, ಆ ಕಾಮೆಂಟ್ ಬರೆದವರೇ, ನಿಮ್ಮ ಮನಸ್ಸು ಒಳ್ಳೆಯದೇ, ನನಗೆ ಗೊತ್ತು. ಆದರೂ ದಯವಿಟ್ಟು ಅದನ್ನು ಅಳಿಸಿಬಿಡಿ. ಯಾರೋ ಒಬ್ಬ ತಾಯಿ ಅದನ್ನು ನಂಬಿ, ಮಗುವನ್ನು ಟಬ್ಬಿನಲ್ಲಿ ಕೂರಿಸಿ, ಟವೆಲ್ ತರಲು ಒಳಗೆ ಹೋಗಿಬಿಡಬಹುದು.