ಕಾಲಿನ ವೇಗ ಇಳಿದ ಮೇಲೆ: ಅಮೆರಿಕನ್ ಫುಟ್‌ಬಾಲಿನ ಹಿರಿಯ ರಿಸೀವರ್‌ಗಳು ಮತ್ತು ವರ್ಣದ ಲೆಕ್ಕ

ಕೇಳುಗರಿಗೆ ನಮಸ್ಕಾರ.

2013ರಲ್ಲಿ ಬ್ರೂಸ್ ಏರಿಯನ್ಸ್ ಅರಿಜೋನಾ ಕಾರ್ಡಿನಲ್ಸ್ ತಂಡಕ್ಕೆ ಮುಖ್ಯ ಕೋಚ್ ಆಗಿ ಬಂದರು. ತಂಡದ ದೊಡ್ಡ ಹೆಸರು ಲ್ಯಾರಿ ಫಿಟ್ಜ್‌ಜೆರಾಲ್ಡ್, ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವರು. ಆ ವರ್ಷ ಅವರಿಗೆ ಮೂವತ್ತು ತುಂಬಿತು. ಒಂಬತ್ತು ಹಂಗಾಮು ಮೈದಾನದ ಅಂಚಿನಲ್ಲಿ ನಿಂತು, ಎತ್ತರಕ್ಕೆ ಹಾರಿ ಚೆಂಡು ಹಿಡಿದು ಹೆಸರು ಮಾಡಿದ್ದ ಅವರನ್ನು ಏರಿಯನ್ಸ್ ಅಲ್ಲಿಂದ ಎತ್ತಿ ಮೈದಾನದ ಒಳಭಾಗಕ್ಕೆ ತಂದರು. ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ಮೊದಲ ವರ್ಷ 82 ಕ್ಯಾಚ್, ಎರಡನೆಯ ವರ್ಷ ಬರೀ 63. ಆಟ ಮುಗಿಯಿತು ಎಂದವರೂ ಇದ್ದರು. ಆಮೇಲೆ 2015ರಲ್ಲಿ 109, 2016ರಲ್ಲಿ 107, 2017ರಲ್ಲಿ ಮತ್ತೆ 109. 2016ರಲ್ಲಿ, ಮೂವತ್ಮೂರನೆಯ ವಯಸ್ಸಿನಲ್ಲಿ, ಅವರು ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಇಡೀ ಎನ್‌ಎಫ್‌ಎಲ್ ಲೀಗಿನಲ್ಲೇ ಅತಿ ಹೆಚ್ಚು ಚೆಂಡು ಹಿಡಿದವರು.

ಫಿಟ್ಜ್‌ಜೆರಾಲ್ಡ್ ಕಪ್ಪು ವರ್ಣೀಯರು. ಈ ಲೀಗಿನ ರಿಸೀವರ್‌ಗಳಲ್ಲಿ ಬಹುಪಾಲು ಜನ ಕಪ್ಪು ವರ್ಣೀಯರೇ. ಆದರೆ ಅವರಿಗೆ ವಹಿಸಿದ ಆ ಒಳಭಾಗದ ಕೆಲಸ ಎಂದರೆ ಅಮೆರಿಕದ ಎಷ್ಟೋ ಪ್ರೇಕ್ಷಕರ ಕಣ್ಣಿಗೆ ಕಟ್ಟುವುದು ಬಿಳಿಯ ಆಟಗಾರನ ಚಿತ್ರ. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಕೆಲಸ ಏನು ಎಂಬುದನ್ನು ಮೊದಲು ನೋಡಬೇಕು.

ಮೈದಾನ 100 ಗಜ ಉದ್ದ, 53 ಗಜ ಒಂದು ಅಡಿ ಅಗಲ. ದಾಳಿ ಮಾಡುವ ಹನ್ನೊಂದು ಜನರಲ್ಲಿ ಕನಿಷ್ಠ ಏಳು ಮಂದಿ ಚೆಂಡಿಟ್ಟ ಗೆರೆಯ ಮೇಲೇ ನಿಲ್ಲಬೇಕು. ಅಂಚಿನಲ್ಲಿ ಆ ಗೆರೆಯ ಮೇಲೆ ನಿಲ್ಲುವ ರಿಸೀವರ್‌ಗೆ ಎಕ್ಸ್ ಎನ್ನುತ್ತಾರೆ. ಎದುರು ತಂಡದ ಅಂಚು ಕಾಯುವ ರಕ್ಷಕ, ಅಂದರೆ ಕಾರ್ನರ್‌ಬ್ಯಾಕ್, ಅವನ ಮೂಗಿಗೆ ಮೂಗು ಕೊಟ್ಟು ನಿಂತು, ಆಟ ಶುರುವಾದ ಕೂಡಲೇ ಎದೆಗೆ ಕೈ ಹಾಕಿ ತಡೆಯಬಹುದು. 1978ರ ನಿಯಮದಂತೆ ಈ ತಡೆಯೆಲ್ಲ ಮೊದಲ ಐದು ಗಜದೊಳಗೆ ಮಾತ್ರ. ಇನ್ನೊಂದು ಅಂಚಿನವನು ಝೀ. ಅವನು ಗೆರೆಯಿಂದ ಒಂದು ಗಜ ಹಿಂದೆ ನಿಲ್ಲುತ್ತಾನೆ. ಆಟ ಶುರುವಾಗುವ ಮುಂಚೆಯೇ ಅಡ್ಡಲಾಗಿ ನಡೆದಾಡುವ ಸ್ವಾತಂತ್ರ್ಯವಿರುವುದರಿಂದ ತಡೆಯುವವನ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಮೂರನೆಯವನು ಅಂಚಿನ ರಿಸೀವರ್‌ಗೂ ದಢೂತಿ ಲೈನ್‌ಮನ್‌ಗಳಿಗೂ ನಡುವಿನ ಜಾಗದಲ್ಲಿ, ಅವನೂ ಗೆರೆಯಿಂದ ಹಿಂದೆ. ಆ ಜಾಗವೇ ಸ್ಲಾಟ್.

ಅಂಚಿನ ಕೆಲಸ ನಿಂತಿರುವುದು ಎದುರಾಳಿಯ ಭಯದ ಮೇಲೆ. ಉದಾಹರಣೆಗೆ ಕಮ್‌ಬ್ಯಾಕ್ ಎಂಬ ಓಟ: ರಿಸೀವರ್ ನೇರ ಹದಿನೈದು ಗಜ ಓಡಿ, ಗಕ್ಕನೆ ನಿಂತು, ಅಂಚಿನ ಕಡೆಗೆ ಎರಡು ಮೂರು ಗಜ ಹಿಂದಕ್ಕೆ ತಿರುಗುತ್ತಾನೆ. ಇವನು ತನ್ನನ್ನು ದಾಟಿ ಓಡಿಬಿಟ್ಟಾನು ಎಂಬ ಅಂಜಿಕೆಯಿಂದ ಕಾರ್ನರ್‌ಬ್ಯಾಕ್ ಸೊಂಟ ತಿರುಗಿಸಿ ಹಿಂದಕ್ಕೆ ಓಡಲು ತೊಡಗಿದ್ದರೆ ಮಾತ್ರ ಇದು ಫಲಿಸುತ್ತದೆ. ಮೂವತ್ತು ದಾಟಿದ ಕಾಲಿಗೆ ಆ ವೇಗ ಇಲ್ಲ ಎಂಬುದು ವಿಡಿಯೊ ನೋಡಿದ ಎದುರಾಳಿಗೆ ಗೊತ್ತು. ಅವನು ಸೊಂಟ ತಿರುಗಿಸುವುದೇ ಇಲ್ಲ. ಹನ್ನೆರಡನೆಯ ಗಜದಲ್ಲಿ ಕಾದು ನಿಲ್ಲುತ್ತಾನೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮಾತ್ರ ರಿಸೀವರ್ ತಿರುಗುವ ಮುಂಚೆಯೇ ಚೆಂಡು ಬಿಟ್ಟಿರುತ್ತಾನೆ. ನಿಲ್ಲುವುದಕ್ಕೆ ಒಂದು ಹೆಜ್ಜೆ ಹೆಚ್ಚು ಬೇಕಾದರೂ ಚೆಂಡು ಎದುರಾಳಿಯ ಪಾಲು. ಹಿರಿಯ ಆಟಗಾರ ಅಂಚಿನಲ್ಲಿ ಸೋಲುವುದು ಬಹುಮಟ್ಟಿಗೆ ಈ ಒಂದು ಹೆಜ್ಜೆಯಲ್ಲಿ.

ಸ್ಲಾಟ್‌ನಲ್ಲಿ ಲೆಕ್ಕವೇ ಬೇರೆ. ಎರಡೂ ಕಡೆ ಜಾಗ ಇದೆ. ಅಂಚಿನ ಗೆರೆ ಎದುರಾಳಿಯ ಸಹಾಯಕ್ಕೆ ಬರುವುದಿಲ್ಲ. ನಮ್ಮ ಕ್ರಿಕೆಟ್‌ನಲ್ಲಿ ಕವರ್ಸ್‌ನಲ್ಲಿ ಓಡುತ್ತಿದ್ದವನು ವಯಸ್ಸಾದ ಮೇಲೆ ಸ್ಲಿಪ್‌ಗೆ ಬಂದು ನಿಲ್ಲುವ ಹಾಗೆ ಇದು: ಕಾಲು ಕೈಕೊಟ್ಟರೂ ಕಣ್ಣು, ಕೈ ಉಳಿದಿವೆ. ಇಲ್ಲಿಯ ಮುಖ್ಯ ಓಟ ಆಪ್ಷನ್ ರೂಟ್. ಐದಾರು ಗಜ ಓಡುವಷ್ಟರಲ್ಲಿ ರಿಸೀವರ್ ತನ್ನ ಮೇಲಿರುವ ರಕ್ಷಕನನ್ನು ಓದಬೇಕು. ಅವನು ಒಳಬದಿಗೆ ವಾಲಿದ್ದರೆ ಹೊರಕ್ಕೆ ತಿರುಗು, ಹೊರಬದಿಯಲ್ಲಿದ್ದರೆ ಒಳಕ್ಕೆ. ಯಾರೂ ನನ್ನನ್ನೇ ಹಿಂಬಾಲಿಸುತ್ತಿಲ್ಲ, ಎಲ್ಲರೂ ತಂತಮ್ಮ ಜಾಗ ಕಾಯುತ್ತಿದ್ದಾರೆ ಎಂದು ಕಂಡರೆ ಇಬ್ಬರ ನಡುವಿನ ಖಾಲಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್‌ಗೆ ಎದೆ ತೋರಿಸು. ಇದೇ ಓದನ್ನು ಅದೇ ಕ್ಷಣದಲ್ಲಿ ಕ್ವಾರ್ಟರ್‌ಬ್ಯಾಕ್ ಕೂಡ ಮಾಡುತ್ತಿರುತ್ತಾನೆ. ಇವನು ಒಳಗೆ, ಅವನು ಹೊರಗೆ ಎಂದು ಓದಿದರೆ ಚೆಂಡು ಹೋಯಿತು. ಟಿವಿಯಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಬೈಗುಳ. ತರುಣ ರಿಸೀವರ್‌ಗಳನ್ನು ಸ್ಲಾಟ್‌ಗೆ ಬಿಡಲು ಕೋಚ್‌ಗಳು ಹಿಂಜರಿಯುವುದು ಇದಕ್ಕೇ. ಫಿಟ್ಜ್‌ಜೆರಾಲ್ಡ್ ಅಂಥವರಿಗೂ ಎರಡು ವರ್ಷ ಹಿಡಿಯಿತಲ್ಲ.

ಇದರ ಜೊತೆಗೆ ಬ್ಲಾಕಿಂಗ್. ಒಳಗೆ ನಿಂತವನು ತನಗಿಂತ ಹತ್ತಿಪ್ಪತ್ತು ಕಿಲೋ ಹೆಚ್ಚು ತೂಕದ ಲೈನ್‌ಬ್ಯಾಕರ್‌ಗಳನ್ನು ತಡೆದು ಓಟಗಾರನಿಗೆ ದಾರಿ ಮಾಡಿಕೊಡಬೇಕು. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಹೈನ್ಸ್ ವಾರ್ಡ್ ಇದರಲ್ಲಿ ಎಂಥ ಗಟ್ಟಿಗ ಎಂದರೆ, 2008ರಲ್ಲಿ ಅವರ ಒಂದು ಹೊಡೆತಕ್ಕೆ ಎದುರಾಳಿಯ ದವಡೆ ಮುರಿದು, ಮರುವರ್ಷ ಲೀಗ್ ನಿಯಮವನ್ನೇ ಬದಲಿಸಿತು: ನೋಡದಿರುವವನ ತಲೆಗೆ ಹಾಗೆ ಹೊಡೆಯುವಂತಿಲ್ಲ. 2019ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಈಗ ಹಿರಿಯ ರಿಸೀವರ್ ಹೊಡೆಯುವುದಿಲ್ಲ, ದಾರಿಗೆ ಅಡ್ಡ ನಿಂತು ಕೈಚಾಚಿ ತಡೆಯುತ್ತಾನೆ. ಅದಕ್ಕೂ ಎಲ್ಲಿ ನಿಲ್ಲಬೇಕೆಂಬ ಅಂದಾಜು ಬೇಕು.

ತಂಡದ ಲೆಕ್ಕಪತ್ರವೂ ಹಿರಿಯರ ವಿರುದ್ಧವೇ ಇದೆ. ಪಟ್ಟಿಯಲ್ಲಿ 53 ಜನ. ಅದರಲ್ಲಿ ರಿಸೀವರ್‌ಗಳು ಐದು ಅಥವಾ ಆರು. ನಾಲ್ಕನೆಯವನಿಂದ ಕೆಳಗಿನವರು ಪಂಟ್ ಒದ್ದಾಗ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಟ್ಟಾಗ, ಮೈದಾನದುದ್ದಕ್ಕೂ ಓಡಿ ಚೆಂಡು ಹಿಡಿದವನನ್ನು ಕೆಡವಬೇಕು. ಮೂವತ್ತೆರಡರ ಮೊಣಕಾಲು ಆ ಕೆಲಸಕ್ಕೆ ಒಗ್ಗದು. ಹಾಗಾಗಿ ಹಿರಿಯ ರಿಸೀವರ್ ಮೊದಲ ಮೂವರಲ್ಲಿ ಒಬ್ಬನಾಗಿರಬೇಕು, ಇಲ್ಲವೇ ಮನೆ. ಇನ್ನೊಂದು ಚಾಲಾಕಿ ಇದೆ: ನಾಲ್ಕು ಹಂಗಾಮು ಮುಗಿಸಿದ ಆಟಗಾರ ಮೊದಲ ವಾರದ ಪಟ್ಟಿಯಲ್ಲಿದ್ದರೆ ಆ ವರ್ಷದ ಮೂಲ ವೇತನಕ್ಕೆ ಒಂದು ಬಗೆಯ ಖಾತರಿ ಸಿಗುತ್ತದೆ. ಅದನ್ನು ತಪ್ಪಿಸಲು ಕೆಲವು ತಂಡಗಳು ಅವನನ್ನು ಮೊದಲ ವಾರಕ್ಕೆ ಮುಂಚೆ ಕೈಬಿಟ್ಟು, ಎರಡನೆಯ ವಾರ ಮತ್ತೆ ಕರೆಯುತ್ತವೆ.

ಇನ್ನು ವರ್ಣದ ಮಾತು. 1934ರಿಂದ 1945ರ ತನಕ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಬರೆದಿಟ್ಟ ನಿಯಮವಿಲ್ಲ, ಮಾಲೀಕರ ಒಳ ಒಪ್ಪಂದ. 1946ರಲ್ಲಿ ರ‍್ಯಾಮ್ಸ್ ತಂಡ ಕ್ಲೀವ್‌ಲ್ಯಾಂಡ್‌ನಿಂದ ಲಾಸ್ ಏಂಜಲಿಸ್‌ಗೆ ಬಂದಾಗ, ಸಾರ್ವಜನಿಕ ಹಣದ ಕೊಲಿಸಿಯಂ ಕ್ರೀಡಾಂಗಣ ಬೇಕಾದರೆ ಈ ತಡೆ ಹೋಗಬೇಕು ಎಂದು ಅಲ್ಲಿಯ ಕಪ್ಪು ಪತ್ರಕರ್ತರು ಪಟ್ಟು ಹಿಡಿದರು. ಹಾಗೆ ಒಳಬಂದ ಇಬ್ಬರು ಕೆನ್ನಿ ವಾಷಿಂಗ್‌ಟನ್ ಮತ್ತು ವುಡಿ ಸ್ಟ್ರೋಡ್. ಸ್ಟ್ರೋಡ್ ಆಡುತ್ತಿದ್ದುದು ಎಂಡ್ ಜಾಗದಲ್ಲಿ, ಅಂದರೆ ಚೆಂಡು ಹಿಡಿಯುವವರ ಸಾಲಿನಲ್ಲಿ. ಆಗ ಅವರಿಗೆ ಮೂವತ್ತೆರಡು. ಆಡುವ ವಯಸ್ಸೆಲ್ಲ ಹೊರಗೇ ಕಳೆದುಹೋಗಿತ್ತು. ಲೀಗಿನ ಲೆಕ್ಕಕ್ಕೆ ಹೊಸಬ, ದೇಹಕ್ಕೆ ಹಿರಿಯ. ಒಂದೇ ಹಂಗಾಮಿಗೆ ಕೈಬಿಟ್ಟರು. ಎರಡು ವರ್ಷದ ಮೇಲೆ ಕೆನಡಾದ ಕ್ಯಾಲ್ಗರಿ ತಂಡದೊಂದಿಗೆ ಅಲ್ಲಿಯ ಚಾಂಪಿಯನ್‌ಪಟ್ಟವಾದ ಗ್ರೇ ಕಪ್ ಗೆದ್ದರು.

ರಾಜಧಾನಿ ವಾಷಿಂಗ್‌ಟನ್ ನಗರದ ತಂಡ 1962ರ ತನಕ ಬಾಗಿಲು ತೆರೆಯಲಿಲ್ಲ. ಹೊಸ ಕ್ರೀಡಾಂಗಣ ಇದ್ದದ್ದು ಕೇಂದ್ರ ಸರ್ಕಾರದ ಜಾಗದಲ್ಲಿ. ನೆಲ-ಜಲ ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಗೆ ಸೇರಿದ್ದು. ಅದರ ಕಾರ್ಯದರ್ಶಿ ಸ್ಟೂವರ್ಟ್ ಯೂಡಾಲ್ ಕ್ರೀಡಾಂಗಣದ ಗುತ್ತಿಗೆ ರದ್ದು ಮಾಡುವ ಬೆದರಿಕೆ ಹಾಕಿದ ಮೇಲೆ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಮಣಿದರು. ಬಂದವರಲ್ಲಿ ಮುಖ್ಯರು ಬಾಬಿ ಮಿಚೆಲ್. ಕ್ಲೀವ್‌ಲ್ಯಾಂಡ್‌ನಲ್ಲಿ ಚೆಂಡು ಹೊತ್ತು ಓಡುತ್ತಿದ್ದ ಅವರನ್ನು ಇಲ್ಲಿ ಫ್ಲ್ಯಾಂಕರ್ ಮಾಡಿದರು, ಅಂದರೆ ಇಂದಿನ ಝೀ. ಮೊದಲ ವರ್ಷವೇ ಹಿಡಿದ ಚೆಂಡುಗಳಿಂದ ಗಳಿಸಿದ ದೂರ 1,384 ಗಜ, ಲೀಗಿಗೆ ಮೊದಲಿಗರು.

ಬಾಗಿಲು ತೆರೆದ ಮೇಲೆ ಒಳಗೆ ಯಾರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ. 1970ರಲ್ಲಿ ಜಾನ್ ಲಾಯ್ ಮತ್ತು ಜೋಸೆಫ್ ಮೆಕೆಲ್ವೋಗ್ ಎಂಬ ಸಮಾಜವಿಜ್ಞಾನಿಗಳು ಎಣಿಸಿ ತೋರಿಸಿದರು: ಕ್ವಾರ್ಟರ್‌ಬ್ಯಾಕ್, ಸೆಂಟರ್, ಗಾರ್ಡ್‌ಗಳಂಥ ನಡುವಿನ ಜಾಗಗಳಲ್ಲಿ ಬಿಳಿಯರು, ಕಪ್ಪು ಆಟಗಾರರು ಅಂಚುಗಳಲ್ಲಿ. ನಡುವಿನ ಜಾಗಕ್ಕೆ ತಲೆ ಬೇಕು, ಅಂಚಿಗೆ ಕಾಲು ಸಾಕು ಎಂಬುದು ಕೋಚ್‌ಗಳ ನಂಬಿಕೆ. ಇದಕ್ಕೆ ಸ್ಟ್ಯಾಕಿಂಗ್ ಎಂಬ ಹೆಸರು ಬಿತ್ತು. ಇದರ ಪೆಟ್ಟು ವಯಸ್ಸಿನ ಮೇಲೂ ಬೀಳುತ್ತದೆ. ಕಾಲನ್ನು ನಂಬಿದ ಜಾಗದಲ್ಲಿ ಆಯುಷ್ಯ ಕಡಿಮೆ, ಹಾಗಾಗಿ ಸಂಬಳದ ವರ್ಷಗಳೂ ಕಡಿಮೆ.

ಮಾರ್ಲಿನ್ ಬ್ರಿಸ್ಕೋ ಇದರ ಸ್ಪಷ್ಟ ಉದಾಹರಣೆ. 1968ರಲ್ಲಿ ಡೆನ್ವರ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ 14 ಟಚ್‌ಡೌನ್ ಪಾಸ್ ಎಸೆದರು, ಅಂದರೆ ಎದುರಾಳಿಯ ಕೊನೆಗೆರೆ ದಾಟಿ ಅಂಕ ತಂದ ಎಸೆತಗಳು. ಮರುವರ್ಷ ಆ ಜಾಗ ಅವರಿಗೆ ಸಿಗಲಿಲ್ಲ. ಬಫಲೋಗೆ ಹೋಗಿ ರಿಸೀವರ್ ಆದರು. ಎಂದೂ ಮಾಡದ ಕೆಲಸ; 1970ರಲ್ಲಿ 57 ಕ್ಯಾಚ್, 1,036 ಗಜ. ಎದುರಾಳಿ ಏನು ಮಾಡುತ್ತಾನೆ ಎಂದು ಕ್ವಾರ್ಟರ್‌ಬ್ಯಾಕ್‌ನ ಕಣ್ಣಿಂದ ಓದಬಲ್ಲವನಿಗೆ ಅದು ಸಾಧ್ಯವಾಯಿತು ಎಂದೇ ನನ್ನ ಎಣಿಕೆ. ಹೈನ್ಸ್ ವಾರ್ಡ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿಯೂ ಆಡಿದವರು, ಆಂಟ್ವಾನ್ ರ‍್ಯಾಂಡಲ್ ಎಲ್ ಕೂಡ. 2006ರ ಫೆಬ್ರವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ರ‍್ಯಾಂಡಲ್ ಎಲ್ 43 ಗಜ ಎಸೆದ ಚೆಂಡನ್ನು ವಾರ್ಡ್ ಹಿಡಿದು ಟಚ್‌ಡೌನ್ ಮಾಡಿದಾಗ, ಎಸೆದವರೂ ಹಿಡಿದವರೂ ರಿಸೀವರ್‌ಗಳೇ! ಸೋಲ್‌ನಲ್ಲಿ ಹುಟ್ಟಿದ ವಾರ್ಡ್ ಅವರ ತಾಯಿ ಕೊರಿಯನ್, ತಂದೆ ಕಪ್ಪು ಅಮೆರಿಕನ್. ಆ ಗೆಲುವಿನ ಬೆನ್ನಿಗೇ ಅವರು ಕೊರಿಯಾಕ್ಕೆ ಹೋಗಿ ಮಿಶ್ರವರ್ಣದ ಮಕ್ಕಳ ಪರ ದನಿ ಎತ್ತಿದರು.

ಈಗ ಸ್ಲಾಟ್‌ಗೆ ಮರಳೋಣ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ವೆಸ್ ವೆಲ್ಕರ್, ಆಮೇಲೆ ಜೂಲಿಯನ್ ಎಡೆಲ್‌ಮನ್. ಇಬ್ಬರೂ ಬಿಳಿಯರು, ಗಿಡ್ಡರು, ಅಪ್ರತಿಮ ಆಟಗಾರರು. ವೆಲ್ಕರ್ ಆರು ಹಂಗಾಮಿನಲ್ಲಿ ಐದು ಸಲ ನೂರು ಕ್ಯಾಚ್ ದಾಟಿದರು. ಎಡೆಲ್‌ಮನ್ ಕೂಡ ಕಾಲೇಜು ಕ್ವಾರ್ಟರ್‌ಬ್ಯಾಕ್. ಬಿಳಿಯ ಸ್ಲಾಟ್ ರಿಸೀವರ್ ಎಂಬ ಅಚ್ಚು ಇವರಿಂದಲೇ ಗಟ್ಟಿಯಾಯಿತು. ಆದರೆ ಅದೇ ತಂಡದಲ್ಲಿ ಅದೇ ಕೆಲಸವನ್ನು ಇವರಿಗೆ ಮುಂಚೆ ಮಾಡಿದವರು ಟ್ರಾಯ್ ಬ್ರೌನ್, ಕಪ್ಪು ವರ್ಣೀಯರು. 1993ರಲ್ಲಿ ತಂಡಗಳು ಹೊಸಬರನ್ನು ಸುತ್ತುಸುತ್ತಾಗಿ ಆರಿಸಿಕೊಳ್ಳುವಾಗ ಎಂಟನೆಯ ಸುತ್ತಿನಲ್ಲಿ ಆಯ್ಕೆಯಾಗಿ, ಹದಿನೈದು ಹಂಗಾಮು ಒಂದೇ ತಂಡ. 2001ರಲ್ಲಿ 101 ಕ್ಯಾಚ್. 2004ರಲ್ಲಿ ರಕ್ಷಕರು ಗಾಯಗೊಂಡಾಗ ಆ ಕಡೆಗೂ ಹೋಗಿ ಮೂರು ಚೆಂಡು ಕಸಿದರು. 2007ರ ಜನವರಿಯಲ್ಲಿ ಸ್ಯಾನ್ ಡಿಯಾಗೋ ವಿರುದ್ಧದ ಪ್ಲೇಆಫ್‌ನಲ್ಲಿ ಟಾಮ್ ಬ್ರೇಡಿ ಎಸೆದದ್ದನ್ನು ಎದುರಾಳಿ ಹಿಡಿದೇಬಿಟ್ಟ. ಅವನು ಓಡತೊಡಗುವಷ್ಟರಲ್ಲಿ ಬ್ರೌನ್ ಅವನ ಕೈಯಿಂದ ಚೆಂಡು ಹೊಡೆದು ಉದುರಿಸಿದರು. ಪೇಟ್ರಿಯಟ್ಸ್‌ಗೆ ಚೆಂಡು ವಾಪಸ್, ಪಂದ್ಯ 24–21. ಬ್ರೌನ್‌ಗೆ ಆಗ ಮೂವತ್ತೈದು. ಆ ಕ್ಷಣದಲ್ಲಿ ರಿಸೀವರ್ ರಕ್ಷಕನಾಗಬೇಕು ಎಂದು ಹೊಳೆದದ್ದು ಕಾಲಿಗಲ್ಲ.

ಟಿವಿ ವೀಕ್ಷಕ ವಿವರಣೆಯನ್ನು ಅಧ್ಯಯನ ಮಾಡಿದವರು ಹಲವು ಸಲ ಕಂಡುಕೊಂಡದ್ದು: ಬಿಳಿಯ ಆಟಗಾರನಿಗೆ ಬುದ್ಧಿ, ಶ್ರಮಗಳ ಹೊಗಳಿಕೆ, ಕಪ್ಪು ಆಟಗಾರನಿಗೆ ಹುಟ್ಟುಪ್ರತಿಭೆ, ದೇಹಬಲದ್ದು. ಹೊಗಳಿಕೆಯೇ ಆದರೂ ಹಿರಿಯನಿಗೆ ಇದು ಮುಳುವು. ದೇಹಬಲವೇ ಅವನ ಬಂಡವಾಳ ಎಂದು ನಂಬಿದ ತಂಡ, ಬಲ ಇಳಿದ ದಿನ ಅವನಲ್ಲಿ ಇನ್ನೇನೂ ಉಳಿದಿಲ್ಲ ಎಂದುಕೊಳ್ಳುತ್ತದೆ. ಈ ಅಚ್ಚು ಬಿಳಿಯರನ್ನೂ ಕಚ್ಚುತ್ತದೆ. ಗ್ರೀನ್ ಬೇ ತಂಡದ ಜಾರ್ಡಿ ನೆಲ್ಸನ್ ಆರಡಿ ಮೂರಂಗುಲ, ಅಂಚಿನಲ್ಲಿ ದೂರದ ಚೆಂಡು ಹಿಡಿಯುವವರು, 2014ರಲ್ಲಿ 1,519 ಗಜ. ಬಿಳಿಯನೆಂದು ಎದುರಾಳಿಗಳು ಅವರನ್ನು ಹಗುರವಾಗಿ ಕಾಣುತ್ತಾರೆ ಎಂಬರ್ಥದ ಮಾತನ್ನು ಅವರ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ 2011ರಲ್ಲೇ ಆಡಿದ್ದರು. ವೇಗ ಇಳಿದ ಮೇಲೆ ನೆಲ್ಸನ್‌ಗೂ ರಿಯಾಯಿತಿ ಇರಲಿಲ್ಲ. 2018ರಲ್ಲಿ, ಮೂವತ್ತೆರಡಕ್ಕೆ, ತಂಡ ಕೈಬಿಟ್ಟಿತು.

ಡ್ರೆಸಿಂಗ್ ರೂಮಿನಲ್ಲಿ ಹಿರಿಯರ ಪಾತ್ರ ಎಂದರೆ ಕಿರಿಯರಿಗೆ ಓಟ ಕಲಿಸುವುದಷ್ಟೇ ಅಲ್ಲ. ಆಂಕ್ವಾನ್ ಬೋಲ್ಡಿನ್ 2016ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಡೆಟ್ರಾಯಿಟ್‌ಗೆ 67 ಕ್ಯಾಚ್, ಎಂಟು ಟಚ್‌ಡೌನ್ ಕೊಟ್ಟರು. ಅದಕ್ಕೆ ಹಿಂದಿನ ವರ್ಷ ಅವರ ಸೋದರಸಂಬಂಧಿಯೊಬ್ಬರು ಫ್ಲಾರಿಡಾದಲ್ಲಿ, ಕೆಟ್ಟು ನಿಂತ ಕಾರಿನ ಬಳಿ, ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾಗಿದ್ದರು. 2017ರ ಆಗಸ್ಟ್‌ನಲ್ಲಿ ಬಫಲೋ ತಂಡಕ್ಕೆ ಸಹಿ ಹಾಕಿ ಎರಡು ವಾರವೂ ಆಗಿರಲಿಲ್ಲ, ಬೋಲ್ಡಿನ್ ಆಟ ಬಿಟ್ಟರು. ಇನ್ನೊಬ್ಬ ಆಟಗಾರ ಮಾಲ್ಕಮ್ ಜೆಂಕಿನ್ಸ್ ಜೊತೆ ಅವರು ಕಟ್ಟಿದ ಪ್ಲೇಯರ್ಸ್ ಕೊಅಲಿಷನ್, ಪೊಲೀಸ್ ಮತ್ತು ನ್ಯಾಯವ್ಯವಸ್ಥೆಯ ಸುಧಾರಣೆಗೆ ಶಾಸಕರ ಬಾಗಿಲು ತಟ್ಟಿತು.

ಆಟ ಬಿಟ್ಟ ರಿಸೀವರ್‌ಗೆ ಸಿಗುವ ಸಹಜ ಕೆಲಸ ರಿಸೀವರ್‌ಗಳ ಕೋಚ್. ಬ್ರೌನ್, ವೆಲ್ಕರ್ ಇಬ್ಬರೂ ಆ ಕೆಲಸ ಮಾಡಿದರು. ಆದರೆ ಮುಖ್ಯ ಕೋಚ್ ಆಗುವ ಏಣಿ ಇರುವುದು ಪಕ್ಕದ ಕೋಣೆಯಲ್ಲಿ: ಕ್ವಾರ್ಟರ್‌ಬ್ಯಾಕ್ ಕೋಚ್, ಅಲ್ಲಿಂದ ದಾಳಿಯ ಆಟಗಳನ್ನು ಕರೆಯುವ ಸಂಯೋಜಕ, ಅಲ್ಲಿಂದ ಮೇಲಕ್ಕೆ. ಅಲ್ಪಸಂಖ್ಯಾತ ಅಭ್ಯರ್ಥಿಗಳನ್ನು ಸಂದರ್ಶಿಸಲೇಬೇಕೆಂಬ ರೂನಿ ನಿಯಮ 2003ರಲ್ಲಿ ಬಂದರೂ ಆ ಏಣಿ ಕದಲಲಿಲ್ಲ. ಡೇವಿಡ್ ಕಲ್ಲಿ ಅವರನ್ನೇ ನೋಡಿ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಕಪ್ಪು ವರ್ಣೀಯರು. ಎನ್‌ಎಫ್‌ಎಲ್‌ನಲ್ಲಿ 1994ರಿಂದ 2016ರ ತನಕ ನಾಲ್ಕು ತಂಡಗಳಲ್ಲಿ ಕಲಿಸಿದ್ದು ರಿಸೀವರ್‌ಗಳಿಗೆ. ಕ್ವಾರ್ಟರ್‌ಬ್ಯಾಕ್ ಕೋಚ್ ಹುದ್ದೆ ಬಂದದ್ದು 2017ರಲ್ಲಿ, ಬಫಲೋದಲ್ಲಿ. 2021ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ಹ್ಯೂಸ್ಟನ್ ತಂಡದ ಮುಖ್ಯ ಕೋಚ್ ಆದರು. ತಾರಾ ಕ್ವಾರ್ಟರ್‌ಬ್ಯಾಕ್ ಆಡದ, ಮೊದಲಿನಿಂದ ಕಟ್ಟಬೇಕಾದ ಆ ತಂಡ ನಾಲ್ಕು ಗೆದ್ದು ಹದಿಮೂರು ಸೋತಿತು. ಒಂದೇ ಹಂಗಾಮಿನ ನಂತರ, 2022ರ ಜನವರಿಯಲ್ಲಿ, ಅವರನ್ನು ತೆಗೆದರು.

ನಮಸ್ಕಾರ.