ಹಾಲ್ ಆಫ್ ಫೇಮ್ ಗೌರವ ಬದುಕಿದ್ದಾಗಲೇ ಸಲ್ಲಲಿ

ಕೇಳುಗರಿಗೆ ನಮಸ್ಕಾರ.

ಬೇಸ್‌ಬಾಲ್ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಗೊತ್ತಿಲ್ಲದ ಆಟ ಅಂತ ದಯವಿಟ್ಟು ರೇಡಿಯೊ ಆರಿಸಬೇಡಿ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದಾಗ ಸಂಜೆ ಟಿ.ವಿ. ಮುಂದೆ ಕೂತು, ಮೊಮ್ಮಕ್ಕಳು ಯಾಕೆ ಕೂಗುತ್ತಿದ್ದಾರೆಂದು ತಿಳಿಯದೆ ನೋಡಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ನಿಮಗೆ ಕ್ರಿಕೆಟ್ ಗೊತ್ತು ತಾನೆ? ಹಾಗಿದ್ದರೆ ಚಿಂತೆಯಿಲ್ಲ. ಇಲ್ಲಿ ಚೆಂಡೆಸೆಯುವವನು ಪಿಚರ್. ಹೊಡೆದ ಚೆಂಡು ನೆಟ್ಟಗೆ ಬೇಲಿ ದಾಟಿದರೆ ಹೋಂ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಮೈದಾನದಲ್ಲಿ ನಾಲ್ಕು ಬೇಸ್, ಅಂದರೆ ನಿಲ್ದಾಣ ಇದ್ದ ಹಾಗೆ; ನಾಲ್ಕನ್ನೂ ಸುತ್ತಿ ಬಂದರೆ ಒಂದು ಓಟ. ಪಿಚರ್ ನಾಲ್ಕು ಸಲ ದಾರಿ ತಪ್ಪಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಅದಕ್ಕೆ ವಾಕ್ ಅನ್ನುತ್ತಾರೆ. ಇವತ್ತಿನ ಮಟ್ಟಿಗೆ ಇಷ್ಟು ಸಾಕು.

ನಾನು ಹೇಳಹೊರಟಿರುವುದು ಆಟ ಬಿಟ್ಟು ಮನೆಗೆ ಹೋದವರ ಸಂಗತಿ. ನ್ಯೂಯಾರ್ಕ್ ರಾಜ್ಯದಲ್ಲಿ ಕೂಪರ್ಸ್‌ಟೌನ್ ಅಂತ ಒಂದು ಊರು. ಎರಡು ಸಾವಿರ ಜನವೂ ಇಲ್ಲದ ಹಳ್ಳಿ. ಅಲ್ಲಿ 1939ರಲ್ಲಿ ತೆರೆದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇದೆ. ಮಹಾನ್ ಆಟಗಾರರ ಮುಖಗಳನ್ನು ಕಂಚಿನ ಫಲಕದಲ್ಲಿ ಮೂಡಿಸಿ ಗೋಡೆಗೆ ಹಾಕಿದ್ದಾರೆ. ಆ ಗೋಡೆಯ ಮೇಲೆ ಜಾಗ ಸಿಕ್ಕರೆ ಆಟಗಾರನ ಜನ್ಮ ಸಾರ್ಥಕವಾದಂತೆ.

ಯಾರಿಗೆ ಜಾಗ ಕೊಡಬೇಕು ಅಂತ ನಿರ್ಧರಿಸುವವರು ಪತ್ರಕರ್ತರು. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಸತತ ಹತ್ತು ವರ್ಷ ಸದಸ್ಯರಾದವರಿಗೆ ಮತ. ಆಟಗಾರ ಕನಿಷ್ಠ ಹತ್ತು ಸೀಸನ್ ಆಡಿರಬೇಕು, ನಿವೃತ್ತಿಯಾಗಿ ಐದು ವರ್ಷ ಕಳೆದಿರಬೇಕು. ಮತಪತ್ರದಲ್ಲಿ ಹೆಚ್ಚೆಂದರೆ ಹತ್ತು ಹೆಸರಿಗೆ ಗುರುತು ಹಾಕಬಹುದು. ಶೇ. 75 ಮತ ಬಂದರೆ ಆಯ್ಕೆ. ಶೇ. 5ಕ್ಕಿಂತ ಕಡಿಮೆಯಾದರೆ ಹೆಸರೇ ಪಟ್ಟಿಯಿಂದ ಹೋಯಿತು. ನಡುವೆ ಉಳಿದವರು ಮುಂದಿನ ವರ್ಷ ಮತ್ತೆ ಕಾಯಬೇಕು. ಹಿಂದೆ ಹೀಗೆ ಹದಿನೈದು ವರ್ಷ ಕಾಯಬಹುದಿತ್ತು, 2014ರಲ್ಲಿ ಅದನ್ನು ಹತ್ತಕ್ಕಿಳಿಸಿದರು.

ಈ ಕಾಯಿಸುವ ಚಟದ ಬಗ್ಗೆಯೇ ನನ್ನ ಮಾತು. ಆಟ ನಿಲ್ಲಿಸಿದವನ ಅಂಕಿಅಂಶ ಬೆಳೆಯುವುದಿಲ್ಲ, ವಯಸ್ಸು ಮಾತ್ರ ಬೆಳೆಯುತ್ತದೆ. ಇವತ್ತು ಯೋಗ್ಯನಲ್ಲದವನು ಹತ್ತು ವರ್ಷ ಮನೆಯಲ್ಲಿ ಕೂತು ಯೋಗ್ಯನಾಗುವುದು ಹೇಗೆ? ಹತ್ತು ವರ್ಷದ ನಂತರ ಯೋಗ್ಯ ಅನ್ನುವುದಾದರೆ ಇವತ್ತೇ ಯಾಕಲ್ಲ?

ಜೋ ಡಿಮ್ಯಾಜಿಯೊ ಹೆಸರು ಬೇಸ್‌ಬಾಲ್ ಗೊತ್ತಿಲ್ಲದವರೂ ಕೇಳಿರುತ್ತೀರಿ. 1941ರಲ್ಲಿ ಸತತ 56 ಪಂದ್ಯಗಳಲ್ಲಿ ಹಿಟ್ ಗಳಿಸಿದವರು, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟಿದವರು, ಆ ದಾಖಲೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಅವರಿಗೂ 1953ರಲ್ಲಿ ಮತ ಸಾಲಲಿಲ್ಲ, 1954ರಲ್ಲೂ ಸಾಲಲಿಲ್ಲ, 1955ರಲ್ಲಿ ಸಾಕಾಯಿತು. ಬರ್ಟ್ ಬ್ಲೈಲೆವೆನ್ ಎಂಬ ಪಿಚರ್ 3,701 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದವರು, ಅಂದರೆ ಹೊಡೆಯಲಾಗದಂತೆ ಎಸೆದು ಔಟ್ ಮಾಡಿದವರು. 1999ರಲ್ಲಿ ಅವರಿಗೆ ಬಂದದ್ದು ಶೇ. 14 ಮತ. 2011ರಲ್ಲಿ ಸುಮಾರು ಶೇ. 80. ಈ ಹನ್ನೆರಡು ವರ್ಷದಲ್ಲಿ ಅವರು ಲೀಗ್‌ನಲ್ಲಿ ಒಂದೇ ಒಂದು ಚೆಂಡೂ ಎಸೆದಿಲ್ಲ! ಬದಲಾದದ್ದು ಮತ ಹಾಕುವವರ ಮನಸ್ಸು. ಮೊದಲ ವರ್ಷವೇ ಮತ ಕೊಟ್ಟರೆ ಗೌರವದ ಬೆಲೆ ಇಳಿಯುತ್ತದೆ ಅನ್ನುವ ಬಿಗುಮಾನ ಕೆಲವರಿಗೆ. ಕಟ್ಟಡ ತೆರೆಯುವ ಮುಂಚೆಯೇ, 1936ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ 226 ಮಂದಿ ಮತ ಹಾಕಿದರು, ಅದರಲ್ಲಿ ಹನ್ನೊಂದು ಮಂದಿ ಈ ಆಟದ ದಂತಕಥೆಯಾದ ಬೇಬ್ ರೂತ್ ಹೆಸರನ್ನೇ ಬರೆಯಲಿಲ್ಲ. ಬೇಬ್ ರೂತ್ ಹೆಸರನ್ನು! ಎಲ್ಲರ ಮತವನ್ನೂ ಪಡೆದ ಮೊದಲ ಆಟಗಾರ ಮಾರಿಯಾನೊ ರಿವೆರಾ. ಅದೂ 2019ರಲ್ಲಿ.

ಬ್ಲೈಲೆವೆನ್, ಡಿಮ್ಯಾಜಿಯೊ ಬದುಕಿದ್ದರು, ವೇದಿಕೆ ಹತ್ತಿದರು. ರಾನ್ ಸ್ಯಾಂಟೊ ವಿಷಯಕ್ಕೆ ಬರೋಣ. ಇವರ ಬಗ್ಗೆ ಹೇಳದೆ ನಾನು ಇಲ್ಲಿಂದ ಏಳುವುದಿಲ್ಲ.

ಸ್ಯಾಂಟೊ 1960ರಿಂದ ಶಿಕಾಗೊ ಕಬ್ಸ್ ತಂಡದಲ್ಲಿ ಥರ್ಡ್ ಬೇಸ್ ಆಡಿದವರು, ಅಂದರೆ ಮೂರನೇ ಬೇಸ್ ಕಾಯುವ ಫೀಲ್ಡರ್. ಹದಿನೆಂಟನೇ ವಯಸ್ಸಿಗೇ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದಂಥದ್ದು. ಬೆರಳು ಚುಚ್ಚಿ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಯಂತ್ರ ಆಗ ಎಲ್ಲಿತ್ತು? ಮೈ ನಡುಗಿತೋ, ಕಣ್ಣು ಮಂಜಾಯಿತೋ, ಸಕ್ಕರೆ ಇಳಿದಿದೆ ಅಂತ ಅಂದಾಜು. ಒಂದು ಚಾಕೊಲೇಟ್ ತಿನ್ನುವುದು, ಮತ್ತೆ ಮೈದಾನಕ್ಕಿಳಿಯುವುದು. ಕಾಯಿಲೆ ಇದೆ ಅಂತ ತಿಳಿದರೆ ತಂಡದಿಂದ ಬಿಟ್ಟಾರು ಎಂಬ ಭಯಕ್ಕೆ ಅಭಿಮಾನಿಗಳಿಗೆ ಹೇಳಿದ್ದು 1971ರಲ್ಲಿ.

ಅವರೇ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಒಂದು ಪಂದ್ಯದಲ್ಲಿ ಸರದಿಗೆ ಕಾಯುತ್ತ ನಿಂತಾಗ ಸಕ್ಕರೆ ಸರ್ರನೆ ಇಳಿಯಿತು. ಮುಂದೆ ಬ್ಯಾಟ್ ಮಾಡುತ್ತಿದ್ದವರು ಬಿಲ್ಲಿ ವಿಲಿಯಮ್ಸ್, ಅವರ ಆಪ್ತ ಗೆಳೆಯ. 'ಬಿಲ್ಲಿ ಔಟಾಗಲಪ್ಪಾ, ಒಳಗೆ ಹೋಗಿ ಏನಾದರೂ ತಿನ್ನುತ್ತೇನೆ' ಅಂತ ಸ್ಯಾಂಟೊ ಮನಸ್ಸಿನಲ್ಲೇ ಬೇಡಿಕೊಂಡರಂತೆ. ಬಿಲ್ಲಿಗೆ ವಾಕ್ ಸಿಕ್ಕಿತು! ಬೇಸ್‌ಗಳೆಲ್ಲ ಭರ್ತಿ, ಸ್ಯಾಂಟೊ ಹೋಗಲೇಬೇಕು. ಹೋಗಿ ನಿಂತರೆ ಪಿಚರ್ ಕೈಯಿಂದ ಒಂದು ಚೆಂಡಿನ ಬದಲು ಮೂರು ಚೆಂಡು ಬರುತ್ತಿರುವಂತೆ ಕಾಣುತ್ತಿದೆ. ನಡುವಿನ ಚೆಂಡಿಗೆ ಬೀಸಿದರು. ಹೋಂ ರನ್. ನಾಲ್ಕು ಓಟ ಒಟ್ಟಿಗೆ. ಮುಂದೆ ಬಿಲ್ಲಿ ನಿಧಾನವಾಗಿ ಬೇಸ್ ಸುತ್ತುತ್ತಿದ್ದರೆ, ಹಿಂದಿನಿಂದ ಇವರು ಬೇಗ ಓಡಪ್ಪಾ ಅಂತ ಅವಸರ ಮಾಡುತ್ತಿದ್ದರಂತೆ. ಮುಂದಿನವನನ್ನು ದಾಟಿದರೆ ಔಟ್, ದಾಟದಿದ್ದರೆ ಇಲ್ಲೇ ಬೀಳುತ್ತೇನೆ ಎನ್ನುವ ಸ್ಥಿತಿ.

ಇಂಥ ದೇಹ ಇಟ್ಟುಕೊಂಡು 342 ಹೋಂ ರನ್ ಹೊಡೆದರು. ಒಂಬತ್ತು ಸಲ ಆಲ್ ಸ್ಟಾರ್, ಅಂದರೆ ಆ ವರ್ಷದ ಆಯ್ದ ಆಟಗಾರರ ತಂಡಕ್ಕೆ ಆಯ್ಕೆ. 1964ರಿಂದ 1968ರವರೆಗೆ ಐದೂ ವರ್ಷ ಗೋಲ್ಡ್ ಗ್ಲೌ, ಅಂದರೆ ಆ ಜಾಗದ ಅತ್ಯುತ್ತಮ ಫೀಲ್ಡರ್. ಅದೂ ಪಿಚರ್‌ಗಳು ಬ್ಯಾಟರ್‌ಗಳನ್ನು ಅರೆದು ಹಾಕುತ್ತಿದ್ದ ಕಾಲದಲ್ಲಿ.

1980ರಲ್ಲಿ ಮೊದಲ ಸಲ ಮತಪತ್ರದಲ್ಲಿ ಹೆಸರು ಬಂತು. ಎಷ್ಟು ಮತ ಬಿತ್ತು ಅಂದುಕೊಂಡಿರಿ? ಶೇ. 4ಕ್ಕೂ ಕಡಿಮೆ. ಪಟ್ಟಿಯಿಂದಲೇ ಹೊರಗೆ. ಸರಾಸರಿ .277, ಅಂದರೆ ಸಾವಿರ ಸಲ ಬ್ಯಾಟ್ ಬೀಸುವ ಸರದಿಗೆ 277 ಹಿಟ್‌ನ ಲೆಕ್ಕ, ಸಾಲದು ಅಂದರು. ವಾಕ್ ಗಳಿಸುವುದರಲ್ಲಿ ನಾಲ್ಕು ಸಲ, ಎರಡು ದೊಡ್ಡ ಲೀಗುಗಳಲ್ಲಿ ಒಂದಾದ ನ್ಯಾಷನಲ್ ಲೀಗಿಗೇ ಮೊದಲಿಗರಾಗಿದ್ದನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಬ್ಸ್ ಏನೂ ಗೆಲ್ಲಲಿಲ್ಲವಲ್ಲ ಅಂದರು. ಒಂಬತ್ತು ಜನ ಆಡುವ ಆಟದಲ್ಲಿ ತಂಡದ ಸೋಲಿಗೆ ಒಬ್ಬ ಥರ್ಡ್ ಬೇಸ್‌ಮನ್ ಹೊಣೆಯೇ? 1985ರಲ್ಲಿ ಹೆಸರನ್ನು ಮತ್ತೆ ಸೇರಿಸಿದರು. 1998ರಲ್ಲಿ ಕೊನೆಯ ಅವಕಾಶ, ಶೇ. 43ಕ್ಕೆ ನಿಂತಿತು.

ಅಷ್ಟು ಹೊತ್ತಿಗೆ ಸ್ಯಾಂಟೊ ನಮ್ಮ ಹಾಗೆ ರೇಡಿಯೊದವರಾಗಿದ್ದರು. 1990ರಿಂದ ಕಬ್ಸ್ ಪಂದ್ಯಗಳ ವೀಕ್ಷಕ ವಿವರಣೆ. ಫೀಲ್ಡರ್ ಕೈಚೆಲ್ಲಿದರೆ ಮೈಕಿನಲ್ಲೇ 'ಓ ನೋ!' ಅಂತ ಚೀರಿಬಿಡುತ್ತಿದ್ದರು. ಶಿಕಾಗೊ ಜನಕ್ಕೆ ಆ ಚೀರಾಟವೇ ಪ್ರೀತಿ. ಕಾಯಿಲೆ ಬಿಡಲಿಲ್ಲ. 2001ರಲ್ಲಿ ಬಲಗಾಲು, 2002ರಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕೃತಕ ಕಾಲು ಹಾಕಿಕೊಂಡು ಮತ್ತೆ ಮೈಕಿನ ಮುಂದೆ ಬಂದು ಕೂತರು. ಸಕ್ಕರೆ ಕಾಯಿಲೆಯ ಸಂಶೋಧನೆಗಾಗಿ ಕೋಟಿಗಟ್ಟಲೆ ಡಾಲರ್ ಕೂಡಿಸಿಕೊಟ್ಟರು.

ಪತ್ರಕರ್ತರ ಮತದಲ್ಲಿ ಗೆಲ್ಲದ ಹಳಬರ ಹೆಸರನ್ನು ಮತ್ತೆ ನೋಡುವ ಒಂದು ಸಮಿತಿಯಿದೆ, ಹಳೆಯ ಆಟಗಾರರ ಸಮಿತಿ ಅಂತ. ಈ ನಡುವೆ ಅದರ ಕೈಗೆ ಅವರ ಹಣೆಬರಹ ಬಂತು. ಆ ಸಮಿತಿ 2003ರಲ್ಲಿ ಕೂತಿತು, 2005ರಲ್ಲಿ ಕೂತಿತು, 2007ರಲ್ಲಿ ಕೂತಿತು. ಮೂರೂ ಸಲ ಒಬ್ಬ ಆಟಗಾರನನ್ನೂ ಆರಿಸದೆ ಎದ್ದಿತು. 2007ರಲ್ಲಿ ಸ್ಯಾಂಟೊಗೆ ಕಡಿಮೆಯಾದದ್ದು ಐದೇ ಮತ. 2003ರ ಸೆಪ್ಟೆಂಬರ್‌ನಲ್ಲಿ ಕಬ್ಸ್ ತಂಡ ಅವರ ಹತ್ತನೇ ನಂಬರ್ ಅಂಗಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲವೆಂದು ರಿಗ್ಲಿ ಫೀಲ್ಡ್ ಕ್ರೀಡಾಂಗಣದಲ್ಲಿ ಬಾವುಟ ಏರಿಸಿದಾಗ, ನನ್ನ ಹಾಲ್ ಆಫ್ ಫೇಮ್ ಇದೇ ಅಂದುಬಿಟ್ಟರು ಅವರು.

2010ರ ಡಿಸೆಂಬರ್‌ನಲ್ಲಿ ಸ್ಯಾಂಟೊ ತೀರಿಕೊಂಡರು. ಮರುವರ್ಷದ ಡಿಸೆಂಬರ್‌ನಲ್ಲಿ ಹೊಸ ಸಮಿತಿ ಕೂತಿತು. ಹದಿನಾರರಲ್ಲಿ ಹದಿನೈದು ಮತ! ಅದೇ 342 ಹೋಂ ರನ್, ಅದೇ ಐದು ಗೋಲ್ಡ್ ಗ್ಲೌ, ಅದೇ .277. 2012ರ ಜುಲೈನಲ್ಲಿ ಕೂಪರ್ಸ್‌ಟೌನ್ ವೇದಿಕೆಯಲ್ಲಿ ನಿಂತು ಮಾತಾಡಿದವರು ಅವರ ಪತ್ನಿ ವಿಕಿ. ಸ್ವಾಮಿ, ಆ ಹದಿನೈದು ಮತ ಒಂದು ವರ್ಷ ಮುಂಚೆ ಬಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಸ್ಯಾಂಟೊ ಒಬ್ಬರದ್ದೇ ಕಥೆ ಅನ್ನಬೇಡಿ. ಡಿಕ್ ಆಲನ್, 1972ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರ. ಸಮಿತಿಯಲ್ಲಿ ಎರಡು ಸಲ ಒಂದೇ ಮತದಲ್ಲಿ ತಪ್ಪಿತು. 2020ರಲ್ಲಿ ತೀರಿಕೊಂಡರು, 2024ರ ಡಿಸೆಂಬರ್‌ನಲ್ಲಿ ಆಯ್ಕೆಯಾದರು. ಅವರ ಜೊತೆಗೇ ಆಯ್ಕೆಯಾದ ಡೇವ್ ಪಾರ್ಕರ್‌ಗೆ ಸುದ್ದಿಯಾದರೂ ಕಿವಿಗೆ ಬಿತ್ತು. ಸಮಾರಂಭಕ್ಕೆ ಒಂದು ತಿಂಗಳಿರುವಾಗ, 2025ರ ಜೂನ್‌ನಲ್ಲಿ, ಅವರೂ ಹೋದರು.

ಸಮಯ ಓಡುತ್ತಿದೆ. ಬ್ಯಾರಿ ಬಾಂಡ್ಸ್ ಬಗ್ಗೆ ಹೇಳಿ ಅಂತ ಕೇಳುವವರಿದ್ದಾರೆ. 762 ಹೋಂ ರನ್, ಎಲ್ಲರಿಗಿಂತ ಹೆಚ್ಚು. ಆದರೂ 2022ರ ಕೊನೆಯ ಮತದಾನದಲ್ಲಿ ಶೇ. 66, ಕಾರಣ ಉದ್ದೀಪನ ಮದ್ದಿನ ಆರೋಪ. ಶೀಲ, ಕ್ರೀಡಾಮನೋಭಾವ ನೋಡಿ ಅಂತ ನಿಯಮವೇ ಹೇಳುತ್ತದೆ, ಬೇಡ ಅನ್ನುವ ಹಕ್ಕು ಮತ ಹಾಕುವವರಿಗಿದೆ. ಪೀಟ್ ರೋಸ್, 4,256 ಹಿಟ್, ಬೆಟ್ಟಿಂಗ್ ಕಟ್ಟಿದ್ದಕ್ಕೆ 1989ರಲ್ಲಿ ನಿಷೇಧ. 2024ರಲ್ಲಿ ಸತ್ತರು, 2025ರ ಮೇ ತಿಂಗಳಲ್ಲಿ ನಿಷೇಧ ತೆಗೆದರು. ಬಾಗಿಲು ಹಾಕುವುದಾದರೆ ಹಾಕಿ, ಅದು ನ್ಯಾಯ. ಹೆಣದ ಮುಂದೆ ಬಾಗಿಲು ತೆರೆಯುವುದು ಯಾವ ನ್ಯಾಯ?

ಕೊನೆಗೆ ಒಂದು ಸಣ್ಣ ಲೆಕ್ಕ. ನಾನಾಗಲೇ ಹೇಳಿದ ಹಳೆಯ ಆಟಗಾರರ ಸಮಿತಿಯಲ್ಲಿ ಈಗ ಹದಿನಾರು ಜನ, ಮುಂದಿರುವ ಹೆಸರು ಎಂಟು. ಒಬ್ಬ ಸದಸ್ಯ ಮೂರಕ್ಕಿಂತ ಹೆಚ್ಚು ಹೆಸರಿಗೆ ಮತ ಹಾಕುವಂತಿಲ್ಲ. ಅಲ್ಲಿಗೆ ಒಟ್ಟು ಮತ 48. ಗೆಲ್ಲಲು ಬೇಕಾದದ್ದು 12. ಎಂಟೂ ಜನ ಯೋಗ್ಯರೇ ಆದರೂ ನಾಲ್ವರಿಗಿಂತ ಹೆಚ್ಚು ಜನ ಗೆಲ್ಲಲು ಸಾಧ್ಯವೇ ಇಲ್ಲ. ಪತ್ರಕರ್ತರ ಮತಪತ್ರದಲ್ಲೂ ಹತ್ತರ ಮಿತಿ. ಈ ಎರಡು ಮಿತಿಗಳನ್ನೂ ತೆಗೆದುಹಾಕಿ. ಹೆಸರು ಓದಿ, ಯೋಗ್ಯ ಅನ್ನಿಸಿದರೆ ಗುರುತು ಹಾಕಿ, ಇಲ್ಲದಿದ್ದರೆ ಬಿಡಿ. ಆಟ ನಿಲ್ಲಿಸಿದವನ ಅಂಕಿಅಂಶ ಬೆಳೆಯುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಪತ್ರಕರ್ತರ ಫಲಿತಾಂಶ ಪ್ರತಿ ಜನವರಿಯಲ್ಲಿ ಬರುತ್ತದೆ. ಆ ಹೊತ್ತಿಗೆ ಅಮೆರಿಕದಲ್ಲಿದ್ದರೆ ಮೊಮ್ಮಕ್ಕಳನ್ನು ಕೇಳಿ ನೋಡಿ, ಯಾರಿಗೆ ಎಷ್ಟನೇ ವರ್ಷಕ್ಕೆ ಸಿಕ್ಕಿತು ಅಂತ. ನಮಸ್ಕಾರ.